ಯಾವ ಕಣ?

ನಮ್ಮವ್ವನದು ಹಾಸನ ಜಿಲ್ಲೆಯ ಹಳ್ಳಿಮೈಸೂರಿನ ಕಿವಿ. ಆ ಕಿವಿಗೆ ‘ಕಣ’ ಎಂದರೆ ಮಾತಿನ ಕೊನೆಗೆ ಹಾಕುವ ಒಗ್ಗರಣೆ, ಅಷ್ಟೆ. ನನ್ನ ಅಕ್ಕನ ಮಗಳು ಮೈಸೂರಿನ ಲ್ಯಾಬಿನಲ್ಲಿ ಕವಲೊಡೆದ ನ್ಯಾನೊ ಕಣಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಅವ್ವ ಫೋನಿನಲ್ಲಿ, “ಏನವ್ವ ಮಾಡ್ತಾ ಇದ್ದೀಯ?” ಅಂದಿದ್ದಾಳೆ. ಇವಳು, “ಊತದ ಔಷಧಿ ಕಣ, ಅಜ್ಜಿ” ಅಂದಿದ್ದಾಳೆ.

ಅವ್ವನಿಗೆ ಕೇಳಿಸಿದ್ದು ಔಷಧಿ ಮಾತ್ರ. ಮುಗೀತಲ್ಲ! ಸಂಧಿವಾತಕ್ಕೆ ಹಾಸನದ ಡಾಕ್ಟರು ಕೊಟ್ಟ ಮಾತ್ರೆಯನ್ನು ಅವ್ವ ಸದ್ದಿಲ್ಲದೆ ನಿಲ್ಲಿಸಿಬಿಟ್ಟಳು. ನಾನು ಚನ್ನರಾಯಪಟ್ಟಣದಿಂದ ಹೋಗಿ ನೋಡಿದರೆ ಬೆರಳೆಲ್ಲ ಬಾತುಕೊಂಡಿವೆ, ಮುದ್ದೆಕೋಲು ಹಿಡಿಯಲಾಗುತ್ತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

“ನಮ್ಮನೆ ಮಗೀನೇ ಔಸ್ತಿ ತತ್ತಾಳೆ, ಆ ಡಾಕ್ಟ್ರುದ್ಯಾಕೆ?” ಅಂದಳು ಅವ್ವ.

ಅವ್ವನ ಈ ಮೊಮ್ಮಗಳನ್ನು ಬೈದು ಕರೆಸಿದೆ. ಅವಳು ಬಂದವಳೇ ಸೋಸಲು ಇಟ್ಟಿದ್ದ ನುಗ್ಗೆಸೊಪ್ಪಿನ ಒಂದು ಕಡ್ಡಿ ಎತ್ತಿಕೊಂಡಳು. “ನನ್ನ ಕಣ ಹಿಂಗಿರತ್ತಜ್ಜಿ. ಕವಲು, ಕವಲಿಗೆ ಕವಲು. ಎಲ್ಲಾ ಇರೋದು ತುದೀಲಿ. ನಮ್ಮ ಮೈ ಕಾಯೋ ಜೀವಕೋಶಗಳೇ ನಿನ್ನ ಕೀಲಿನ ಮೇಲೆ ಬಿದ್ದಿವೆ.”

“ಬೇಲೀನೇ ಎದ್ದು ಹೊಲ ಮೇಯ್ದಂಗೆ,” ಅಂದಳು ಅವ್ವ.

“ಹ್ಞೂಂ, ಹಂಗೇ! ಕಣದ ತುದೀಲಿ ಒಂದು ತರದ ರಾಸಾಯನಿಕ ಕಟ್ಟಿದ್ರೆ ಆ ಜೀವಕೋಶ ಸುಮ್ಮನಾಗ್ತವೆ. ಬೇರೆ ತರದ್ದು ಕಟ್ಟಿದ್ರೆ ಇನ್ನೂ ರೇಗ್ತವೆ, ಊತ ಏರತ್ತೆ. ಲ್ಯಾಬಿನ ತಟ್ಟೇಲಿ ಬೆಳೆಸಿದ ಜೀವಕೋಶದ ಮೇಲೆ ಮಾತ್ರ ನೋಡಿದೀನಿ. ನಿನಗೆ ಕೊಡೋ ಅಷ್ಟು ನನಗಿನ್ನೂ ಗೊತ್ತಿಲ್ಲ.”

ಕಣ್ಣಿಗೆ ಕಾಣದ್ದಕ್ಕೆ ಕವಲು ಕಟ್ಟುವವಳು, ಗೊತ್ತಿಲ್ಲ ಅಂತ ಅಷ್ಟು ಸಲೀಸಾಗಿ ಹೇಳಿದಳಲ್ಲ! ಬೈಯಲು ಬಂದ ನನಗೇ ಭೇಷ್ ಅನ್ನಿಸಿತು. ನಮ್ಮ ಮನೆಯಲ್ಲಿ ಗೊತ್ತಿಲ್ಲ ಅನ್ನುವ ಪದವನ್ನು ಅವತ್ತಿನವರೆಗೆ ಯಾರೂ ಬಳಸಿರಲಿಲ್ಲ. ನಾನಂತೂ ಇಲ್ಲವೇ ಇಲ್ಲ.

ಅವ್ವ ಕಡ್ಡಿಯನ್ನೇ ನೋಡುತ್ತಾ ಕೂತಳು. “ಅಂಗಾರೆ ನನ್ ಕಾಲಕ್ಕೆ ಬರಾಕಿಲ್ವೇನವ್ವ?”

ಏನಾದರೂ ಸಮಾಧಾನ ಹೇಳೇ ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ನನ್ನತ್ತ ನೋಡಲೇ ಇಲ್ಲ.

“ಬರಲ್ಲ ಅನ್ಸತ್ತಜ್ಜಿ. ನಿನ್ನಂಥೋರಿಗೆ ಮುಂದೆ ಯಾವತ್ತಾದ್ರೂ ಬರಬಹುದು.”

ಅವ್ವ ಅವಳ ಕೈಯ ಕಡ್ಡಿ ತೆಗೆದು ಸೊಪ್ಪಿನ ಮೇಲಿಟ್ಟಳು. ಆಮೇಲೆ, “ಸುಳ್ಳೇಳ್ಲಿಲ್ವಲ್ಲ, ನನ್ನವ್ವ” ಎಂದು ಅವಳ ಕೆನ್ನೆ ಸವರಿದಳು. ನಿಲ್ಲಿಸಿದ್ದ ಮಾತ್ರೆಯ ಪಟ್ಟಿಗೆ ಕೈ ಹಾಕಿದಳು; ಬಾತ ಬೆರಳಿಗೆ ಮಾತ್ರೆ ಬಿಡಿಸಿಕೊಳ್ಳಲು ಬರಲಿಲ್ಲ. ಮೊಮ್ಮಗಳೇ ಬಿಡಿಸಿ, ಡಾಕ್ಟರ ಹತ್ತಿರ ನಾಳೆಯೇ ಹೋಗೋಣ ಎಂದು ಹೇಳಿ, ಅಂಗೈಯಲ್ಲಿಟ್ಟಳು.

“ತಗೋ. ಸದ್ಯಕ್ಕೆ ಇದೇ ಔಷಧಿ ಕಣಜ್ಜಿ.”

“ಯಾವ ಕಣನೇ?” ಎಂದು ಕೇಳಿ, ನಕ್ಕು, ಅವ್ವ ನುಂಗಿದಳು.