ಒಂದು ಬಾಟಲಿಗೆ ಒಂದು ರೊಟ್ಟಿ

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತರೆ ಸಿದ್ರಾಮ ಕಾಕಾ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ತಾಟಿಗೆ ಬಿದ್ದ ಮೂರು ಜೋಳದ ರೊಟ್ಟಿಯಲ್ಲಿ ಒಂದನ್ನು ಎತ್ತಿ, ಹಣೆಗೆ ಮುಟ್ಟಿಸಿ, ಮರಳಿ ಬುಟ್ಟಿಗೆ ಹಾಕುವುದು. "ಇದು ಸಂಜಿಗಿ ಗ್ಲಾಸಿನ್ಯಾಗ ಬರತೈತಿ" ಎನ್ನುತ್ತಿದ್ದ. ಗೌರವ್ವ ಕಾಕು ಮುಖ ತಿರುಗಿಸಿ ನನಗೆ ದೂರು ಹೇಳುತ್ತಿದ್ದಳು: "ನನ್ನ ರೊಟ್ಟಿಗೂ ಆ ನೀರಿಗೂ ಒಂದ ತಕ್ಕಡಿ ಅಂತ ನೋಡಪಾ."

ಕಾಕಾ ನನ್ನ ಸ್ವಂತ ಚಿಕ್ಕಪ್ಪನಲ್ಲ. ಗೋವಾದ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆಗಳನ್ನು ಎತ್ತಿ ಒಟ್ಟಿ ಇಡುವ ಫೋರ್ಕ್‌ಲಿಫ್ಟ್ ಗಾಡಿಯನ್ನು ನಾವಿಬ್ಬರೂ ಓಡಿಸುತ್ತಿದ್ದೆವು. ಬೆಳಗಿನ ಪಾಳಿ ಅವನದು, ಮಧ್ಯಾಹ್ನದ್ದು ನನ್ನದು. ಬಾಡಿಗೆಯ ಖೋಲಿಗಳೂ ಅಕ್ಕಪಕ್ಕ. ಇಂಡಿ ಕಡೆಯಿಂದ ಬಂದ ಕಾಕಾ ಹನ್ನೊಂದು ವರ್ಷ ಬೆನ್ನ ಮೇಲೆ ಚೀಲ ಹೊತ್ತಿದ್ದ. ಆಮೇಲೆ ಈ ಗಾಡಿ ಕಲಿತ. "ಕುಂತು ದುಡಿಯೂದು ನಮ್ಮ ಮನಿತನದಾಗ ನಾನ ಮೊದಲ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ. ಆ ಸೀಟನ್ನು ದಿನಾ ಒರೆಸುತ್ತಿದ್ದ. ತನ್ನ ಮುಖವನ್ನು ಅಷ್ಟು ಒರೆಸಿಕೊಳ್ಳುತ್ತಿರಲಿಲ್ಲ.

ಕುಂತು ದುಡಿದದ್ದಕ್ಕೆ ಹೊಟ್ಟೆ ಬಂತು. ಎಷ್ಟು ಬಂತೆಂದರೆ ಸೀಟಿನ ಬೆಲ್ಟು ಹಾಕಲು ಬರುತ್ತಿರಲಿಲ್ಲ. ಎರಡು ತುದಿಯನ್ನೂ ತೊಡೆಯ ಕೆಳಗೆ ಸಿಕ್ಕಿಸಿ ಗಾಡಿ ಓಡಿಸುತ್ತಿದ್ದ. ಹೊಸದಾಗಿ ಬಂದ ಸುರಕ್ಷತೆಯ ಸಾಹೇಬ ಒಂದು ದಿನ ಅದನ್ನು ಕಂಡುಹಿಡಿದ. ಮೂರು ತಿಂಗಳೊಳಗೆ ಬೆಲ್ಟಿನ ಕೊಂಡಿ ಬೀಳಬೇಕು, ಇಲ್ಲದಿದ್ದರೆ ಮತ್ತೆ ಚೀಲ ಹೊರಲು ಹೋಗಬೇಕು ಎಂದುಬಿಟ್ಟ. ಅಂದು ಕಾಕಾ ಬೆಲ್ಟಿನ ಎರಡು ತುದಿ ಎಳೆದು ಹಿಡಿದ, ನಾನು ನಡುವೆ ಬೆರಳಿಟ್ಟು ಅಳೆದೆ. ನಾಲ್ಕು ಬೆರಳು ಕಡಿಮೆ.

ವಾರಕ್ಕೊಮ್ಮೆ ಕಾರ್ಖಾನೆಗೆ ಬರುವ ಡಾಕ್ಟರಬಾಯಿ ಅವನನ್ನು ಕೂರಿಸಿ ಎಲ್ಲ ಕೇಳಿದಳು. ಅವನು ಭಾನುವಾರ ಕುಡಿಯುವ ದೊಡ್ಡ ಬಾಟಲಿಯ ಸ್ಟ್ರಾಂಗ್ ಬೀರು ಎರಡು ಮೂರು ರೊಟ್ಟಿಗೆ ಸಮ, ಬಿಡಲು ಆಗದಿದ್ದರೆ ಸಣ್ಣ ಬಾಟಲಿಯ ಲೈಟ್ ಬೀರು ಒಂದು ಕುಡಿ, ಅದು ಸುಮಾರು ಒಂದು ರೊಟ್ಟಿಯಷ್ಟು ಎಂದಳು. ಕಾಕಾನಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವನ ರೊಟ್ಟಿಯ ವ್ರತ ಶುರುವಾಯಿತು.

ಕಾರ್ಖಾನೆಯ ಗೇಟಿನ ಪಕ್ಕದ ಬಾರಿನಲ್ಲಿ ಅವನ ಜೊತೆ ನಾನೂ ಕೂರುತ್ತಿದ್ದೆ. ನನಗೆ ಆ ಲೈಟು ಮೊದಲು ಸಪ್ಪೆ ಎನಿಸಿತು. ಕಾಕಾ ತಣ್ಣನೆಯ ಗ್ಲಾಸನ್ನು ಕೆನ್ನೆಗೆ ಒತ್ತಿಕೊಂಡು, ನೊರೆ ಇಳಿಯುವ ತನಕ ಕಾದು, ಆಮೇಲೆ ಹೇಳಿದ: "ಸ್ಟ್ರಾಂಗ್ ಕುಡದ್ರ ನಾ ಎಲ್ಲದೀನಿ ಅನ್ನೂದ ಗೊತ್ತಾಗೂದಿಲ್ಲ ತಮ್ಮಾ. ಇದನ್ನ ಕುಡದ್ರ ಗೋವಾದಾಗ ಅದೀನಿ ಅಂತ ಗೊತ್ತಾಗತೈತಿ." ಗೋವಾಕ್ಕೆ ಬಂದು ಅಷ್ಟು ವರ್ಷವಾದರೂ ಅವನು ಗೋವಾ ನೋಡಿದ್ದು ಆ ಒಂದು ತಾಸಿನಲ್ಲೇ. ಎದುರಿನ ಮರ, ಹೋಗುವ ಬರುವ ಬಸ್ಸು, ಅದರೊಳಗಿನ ಜನ, ಎಲ್ಲವನ್ನೂ ಹೊಸದಾಗಿ ಮದುವೆಗೆ ಬಂದ ಬೀಗರನ್ನು ನೋಡಿದ ಹಾಗೆ ನೋಡುತ್ತಿದ್ದ.

ಒಂದು ತಿಂಗಳಾದ ಮೇಲೆ ಬೆಲ್ಟು ಅಳೆದೆವು. ಐದು ಬೆರಳು!

ಕಾಕಾ ಮಂಕಾಗಿ ಕೂತ. ಗೌರವ್ವ ಕಾಕು ಕೂರಲಿಲ್ಲ. ಬಿಳಿ ಅರಿವೆಯಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು, ನಮ್ಮಿಬ್ಬರನ್ನೂ ಹಿಂದೆ ಹಾಕಿಕೊಂಡು ಹೋಗಿ ಡಾಕ್ಟರಬಾಯಿಯ ಮೇಜಿನ ಮೇಲೆ ಗಂಟು ಬಿಚ್ಚಿಟ್ಟಳು. "ಇದರಾಗ ಏನೈತಿ, ಅದರಾಗ ಏನೈತಿ, ಇವರಿಗಿ ತಿಳಿಸಿ ಹೇಳ್ರಿ ಬಾಯಿ."

ಡಾಕ್ಟರಬಾಯಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೇ ಹೇಳಿದಳು. ಎರಡರ ಕ್ಯಾಲೊರಿ ಹತ್ತಿರ ಹತ್ತಿರ ಇರಬಹುದು. ಆದರೆ ರೊಟ್ಟಿಯಲ್ಲಿ ನಾರಿದೆ, ಸತ್ವ ಇದೆ, ಹೊಟ್ಟೆ ತುಂಬುತ್ತದೆ. ಬೀರು ಲೈಟಾದರೂ ಬೀರೇ, ಅದರಲ್ಲಿ ಮೈಗೆ ಹತ್ತುವ ಸತ್ವ ಇಲ್ಲವೆಂದೇ ಹೇಳಬೇಕು, ಮೇಲೆ ಹಸಿವೆ ಬೇರೆ ಕೆರಳಿಸುತ್ತದೆ.

"ಸತ್ವ ಇಲ್ಲಂದ್ರ ಮತ್ತ ಹೊಟ್ಟಿ ಹ್ಯಾಂಗ್ ಬಂತ್ರಿ?" ಎಂದ ಕಾಕಾ.

"ಜೊತೆಗೆ ಏನು ತಿನ್ನುತ್ತೀರಿ?" ಎಂದಳು ಆಕೆ.

ಕಾಕಾ ಗೋಡೆ ನೋಡಿದ. ನಾನೂ ನೋಡಿದೆ. ಪ್ರತಿ ಭಾನುವಾರ ಎರಡು ತಾಟು ಮಿರ್ಚಿ ಭಜಿ, ಮೇಲೆ ಹುರಿದ ಶೇಂಗಾ. ಅದರಲ್ಲಿ ನನ್ನ ಪಾಲೂ ಇತ್ತು. ಲೈಟ್ ಎಂಬ ಧೈರ್ಯದಲ್ಲಿ ಒಂದು ಬಾಟಲಿ ಎರಡಾದದ್ದೂ ಹೊರಬಿತ್ತು. ರೊಟ್ಟಿ ಬಿಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ದಾರಿಯಲ್ಲಿ ಕಾಕು ತೀರ್ಪು ಕೊಟ್ಟಳು. "ಕುಡೀರಿ, ನಾ ಬ್ಯಾಡ ಅನ್ನೂದಿಲ್ಲ. ಒಂದ ಬಾಟ್ಲಿ. ಭಜಿ ಬಂದ್. ಗೇಟಿನ ಬಾರಿಗಿ ಹೋಗೂದು ಬಂದ್. ಗುಡ್ಡದ ಕೆಳಗಿನ ಬಾರಿಗಿ ನಡಕೊಂತ ಹೋಗಬೇಕು. ನಾ ಸಂಗಾಟ ಬರತೀನಿ." ಹೋಗುವಾಗ ಇಳಿಜಾರು, ಬರುವಾಗ ಏರು. ಕಾಕಾ ಒಳಗೆ ಕೂತಾಗ ಆಕೆ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಸೋಡಾ ಕುಡಿಯುತ್ತಿದ್ದಳು. ಎರಡು ವಾರಕ್ಕೆ ಕಾಕಾ ಗ್ಲಾಸು ಹಿಡಿದು ಅದೇ ಕಟ್ಟೆಗೆ ಬಂದ. ಆಮೇಲೆ ಭಾನುವಾರ ಸಾಲದೆ ಗಂಡ ಹೆಂಡತಿ ದಿನಾ ಸಂಜೆ ಗುಡ್ಡ ಇಳಿದು ಹತ್ತತೊಡಗಿದರು, ಬಾಟಲಿ ಇಲ್ಲದೆಯೂ.

ಮೂರು ತಿಂಗಳು ತುಂಬಿದ ದಿನ ಸಾಹೇಬ ಬಂದು ನಿಂತ. ಕಾಕಾ ಉಸಿರು ಬಿಗಿಹಿಡಿದು ಬೆಲ್ಟು ಎಳೆದ. ಟಕ್ ಎಂದಿತು. ಉಸಿರು ಬಿಟ್ಟ, ಬೆಲ್ಟು ಬಿಚ್ಚಿಕೊಳ್ಳಲಿಲ್ಲ. ಸಾಹೇಬ ನಕ್ಕು ಹೋದ. ಬೆಲ್ಟು ಎಲ್ಲಿಗೆ ಬಿದ್ದಿತೋ ಅಲ್ಲಿಗೆ ಕಾಕಾ ಒಂದು ಕೆಂಪು ದಾರ ಹೊಲಿದ. ಪಾಳಿ ಬದಲಿಸುವಾಗ ನಾನು ಬೆಲ್ಟನ್ನು ಆ ದಾರದಿಂದ ಒಂದು ಗೇಣು ಹೆಚ್ಚು ಎಳೆದು ಬಿಗಿಯುತ್ತಿದ್ದೆ, ಅವನನ್ನು ಕಾಡಿಸುತ್ತಿದ್ದೆ. "ನಗು, ನಗು. ಸೀಟು ಎಲ್ಲಾರಿಗೂ ಒಂದ" ಎನ್ನುತ್ತಿದ್ದ.

ಅದೇ ಸೀಟಿನಿಂದಲೇ ಅವನು ನಿವೃತ್ತನಾದ. ಫೋಂಡಾ ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಗಂಡ ಹೆಂಡತಿ ಮಗಳ ಊರಿಗೆ ಹೊರಟಿದ್ದರು. "ಅಲ್ಲಿ ಬಾರು ನಾಕ್ ಮೈಲಿ ದೂರ ಐತಿ, ಚಲೋ ಆತು" ಎಂದಳು ಕಾಕು. ಕಾಕಾ ಕಿಟಕಿಯಿಂದ ಕೈ ಚಾಚಿ ನನ್ನ ಹೊಟ್ಟೆಯನ್ನು ಒಮ್ಮೆ ತಟ್ಟಿದ.

ಈಗ ಬೆಳಗಿನ ಪಾಳಿ ನನ್ನದು. ಹೋದ ವಾರ ಬೆಲ್ಟು ಹಾಕಿ ಕೆಳಗೆ ನೋಡಿದೆ. ಕೆಂಪು ದಾರಕ್ಕೂ ನನಗೂ ನಡುವೆ ಎರಡೇ ಬೆರಳು ಉಳಿದಿತ್ತು. ಭಾನುವಾರ ಊಟಕ್ಕೆ ಕೂತವನು ಒಂದು ರೊಟ್ಟಿ ಎತ್ತಿ ಹಣೆಗೆ ಮುಟ್ಟಿಸಿದೆ.

"ಯಾಕ್ರಿ, ರೊಟ್ಟಿ ಹೊತ್ತೈತೇನು?" ಎಂದಳು ನನ್ನ ಹೆಂಡತಿ.

ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಸ್ಕೂಟರಿನ ಚಾವಿಯನ್ನು ಅವಳ ಕೈಯಲ್ಲಿಟ್ಟು ಕೇಳಿದೆ: "ಸಂಜಿಗಿ ನಡಕೊಂತ ಗುಡ್ಡ ಇಳಿಯಾಕ ಸಂಗಾಟ ಬರತಿ?"