ಮಳೆಯಲ್ಲೂ ಆಡುತ್ತಾರಂತೆ

ಮೊನ್ನೆ ಮೊಣಕಾಲಿಗೆ ಹಚ್ಚಿಕೊಳ್ಳಲೆಂದು ಔಡಲೆಣ್ಣೆ ಬಿಸಿ ಮಾಡಿದೆ. ಬಟ್ಟಲು ಕೆಳಗಿಡುವಾಗ ಓರೆಯಾಗಿ, ಮೂಲೆಯಲ್ಲಿದ್ದ ಮೊಮ್ಮಗನ ತೊಗಲಿನ ಚೀಲದ ಮೇಲೆ ನಾಲ್ಕು ಹನಿ ಬಿತ್ತು. ಒರೆಸಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಬೆಚ್ಚಗಿನ ಔಡಲೆಣ್ಣೆ, ಹಳೆಯ ತೊಗಲು... ಈ ಎರಡು ವಾಸನೆ ಕೂಡಿದರೆ ಸಾಕು, ನಮ್ಮ ಸೋದರಮಾವನೇ ಬಂದು ಪಡಸಾಲೆಯಲ್ಲಿ ಕೂತಂತಾಗುತ್ತದೆ. ಸೊಸೆ ಬಂದು, ಚೀಲ ಕೆಟ್ಟಿತೆಂದು ಅಳುತ್ತಿದ್ದೀರಾ ಎಂದು ಕೇಳಿದಳು. ಹೌದು ಅಂದೆ. ಈ ವಯಸ್ಸಿನಲ್ಲಿ ಯಾತಕ್ಕೆ ಅತ್ತರೂ ಯಾರೂ ಹೆಚ್ಚು ಕೇಳುವುದಿಲ್ಲ.

ಮಾವ ನಮ್ಮವ್ವನ ತಮ್ಮ. ಕೊಪ್ಪಳದ ಸಾಲೆಯಲ್ಲಿ ಡ್ರಿಲ್ ಮಾಸ್ತರ. ಆಗ ನಮ್ಮ ಕಡೆಯೆಲ್ಲ ನಿಜಾಮರ ಆಳಿಕೆ, ಸಾಲೆಗೆ ರಜೆ ಶುಕ್ರವಾರ. ಗುರುವಾರ ಸಂಜೆಯ ಮೋಟಾರಿಗೆ ಮಾವ ಯಲಬುರ್ಗಾಕ್ಕೆ ನಮ್ಮ ಮನೆಗೆ ಬರುತ್ತಿದ್ದ. ಮೋಟಾರಿನ ಧೂಳು ಇಳಿಯುವ ಮೊದಲೇ ಅವನ ಕಂಕುಳಲ್ಲಿದ್ದ ಚೆಂಡು ಕಾಣುತ್ತಿತ್ತು. ಹೈದರಾಬಾದಿನಲ್ಲಿ ಓದಲು ಹೋದವನು ಓದಿಗಿಂತ ಹೆಚ್ಚಾಗಿ ಫುಟ್‌ಬಾಲ್ ಕಲಿತು ಬಂದಿದ್ದ. ಜೋಳದ ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ನಮ್ಮ ಎರೆ ಹೊಲವೇ ಅವನ ಬಯಲು. ಪ್ರಾಯದ ಹುಡುಗರನ್ನೆಲ್ಲ ಸೇರಿಸಿ, ಧೋತರ ಮೇಲೆ ಕಟ್ಟಿಸಿ, ಬರಿಗಾಲಲ್ಲಿ ಆಡಿಸುತ್ತಿದ್ದ. ಕೊಯ್ದ ದಂಟಿನ ಬುಡಗಳು ಅಂಗಾಲಿಗೆ ಚುಚ್ಚುವ ನೆಲ ಅದು. ಅದರ ಮೇಲೆ ಮಾವ ಓಡುವುದನ್ನು ನೋಡಿದರೆ ಅವನ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ನಮ್ಮಪ್ಪನಿಗೆ ಚೆಂಡು ಅಂದರೆ ಅಷ್ಟಕ್ಕಷ್ಟೇ. ಆದರೂ ಶುಕ್ರವಾರ ಸಂಜೆ ಹೊಲಕ್ಕೆ ಏನಾದರೂ ಕೆಲಸ ಹುಡುಕಿಕೊಂಡು ಹೋಗುತ್ತಿದ್ದ, ಬದುವಿನ ಮೇಲೆ ನಿಂತು ಕತ್ತಲಾಗುವವರೆಗೆ ನೋಡುತ್ತಿದ್ದ.

ಆ ಆಟಕ್ಕೆ ಒಂದು ಕೊನೆಯ ದಿನ ಇತ್ತು. ಮಿರಗದ ಮಳೆ, ಅಂದರೆ ಮುಂಗಾರಿನ ಮೊದಲ ಮೃಗಶಿರಾ ಮಳೆ, ಬಿದ್ದ ದಿನ ಚೆಂಡಿನ ಗಾಳಿ ಬಿಡಬೇಕು. ಎರೆ ನೆಲ ನೆನೆದರೆ ಹೇಗಿರುತ್ತದೆಂದು ಅದರ ಮೇಲೆ ನಡೆದವರಿಗೇ ಗೊತ್ತು. ಹತ್ತು ಹೆಜ್ಜೆಗೆ ಕಾಲಿಗೆ ಮಣ್ಣಿನ ಮುದ್ದೆ ಮೆತ್ತಿಕೊಂಡು ಎತ್ತಿಡಲು ಬರುವುದಿಲ್ಲ, ಇನ್ನು ಓಡುವ ಮಾತೆಲ್ಲಿ. ಮೇಲಾಗಿ ಮಳೆ ಬಿತ್ತೆಂದರೆ ಗಂಡಾಳೆಲ್ಲ ಕೂರಿಗೆಯ ಹಿಂದೆ. ಹೆಸರು, ಸಜ್ಜೆ ಬಿತ್ತುವುದು ಬಿಟ್ಟು ಚೆಂಡು ಒದೆಯುವವನಿಗೆ ಊರಲ್ಲಿ ಯಾರು ಹೆಣ್ಣು ಕೊಡುತ್ತಾರೆ? ಹಾಗಾಗಿ ಮಾವ ನಮ್ಮ ಪಡಸಾಲೆಯಲ್ಲಿ ಕೂತು, ಚೆಂಡಿನ ಲಾಡಿ ಬಿಚ್ಚಿ, ಒಳಗಿನ ರಬ್ಬರ್ ಚೀಲ ತೆಗೆದು, ಮೇಲಿನ ತೊಗಲನ್ನು ನನ್ನ ಅಕ್ಕನ ಕೈಗೆ ಕೊಡುತ್ತಿದ್ದ. ಅವಳು ಔಡಲೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿ, ಮುಂದಿನ ಸುಗ್ಗಿ ಮುಗಿಯುವವರೆಗೆ ಗೂಟಕ್ಕೆ ಹಾಕುತ್ತಿದ್ದಳು. ಆ ಕೆಲಸಕ್ಕೆ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳಿಗಿಂತ ನಾನು ಎರಡೇ ವರ್ಷ ಚಿಕ್ಕವಳು, ನನಗೆ ಎಲ್ಲ ತಿಳಿಯುತ್ತಿತ್ತು. ಅಕ್ಕನಿಗೆ ಮಾವ ಅಂದರೆ ಜೀವ.

ಮಾವನಿಗೂ ಹಾಗೇ. ನಮ್ಮಲ್ಲಿ ಗಂಡಸು ತನ್ನ ಅಕ್ಕನ ಮಗಳನ್ನು ಮದುವೆಯಾಗಿ ತರುವುದು ರೂಢಿ. ಹುಟ್ಟಿದಾಗಲೇ ಮಾತಾಗಿತ್ತು. ಆ ವರ್ಷ ವೈಶಾಖಕ್ಕೆ ಮದುವೆ ಎಂದು ನಿಶ್ಚಯವೂ ಆಯಿತು. ಅಷ್ಟರಲ್ಲಿ ಕಲಕತ್ತೆಯ ಕರೆ ಬಂತು.

ಹೈದರಾಬಾದಿನ ಯಾವುದೋ ಪಂದ್ಯದಲ್ಲಿ ಮಾವನ ಆಟ ನೋಡಿದ ಕಲಕತ್ತೆಯ ಕ್ಲಬ್ಬಿನವರು, ನಮ್ಮ ತಂಡಕ್ಕೆ ಒಂದು ಲೀಗು ಆಡಲು ಬಾ ಎಂದು ಮನುಷ್ಯನನ್ನು ಕಳಿಸಿದ್ದರು. ಆಗ ಇಡೀ ದೇಶಕ್ಕೆ ಅದೇ ದೊಡ್ಡ ಲೀಗು. ಒಂದೊಂದು ತಂಡ ಉಳಿದ ಎಲ್ಲ ತಂಡಗಳ ಜೊತೆ ಎರಡೆರಡು ಸಲ ಆಡಬೇಕು, ಕೊನೆಗೆ ಯಾರ ಅಂಕ ಹೆಚ್ಚೋ ಅವರು ಗೆದ್ದಂತೆ. ಹೆಸರಿಗೆ ಒಂದು ಕಂಪನಿಯ ಕಚೇರಿಯಲ್ಲಿ ನೌಕರಿ, ಮಾಡಬೇಕಾದದ್ದು ಆಟ ಮಾತ್ರ, ತಿಂಗಳಿಗೆ ಪಗಾರ. ಅಪ್ಪ ಈ ಪಗಾರದ ಮಾತನ್ನು ಮೂರು ಸಲ ಹೇಳಿಸಿದ. ಆಡಲಿಕ್ಕೆ ದುಡ್ಡು ಕೊಡುವವರು ಹುಚ್ಚರೋ, ತೆಗೆದುಕೊಳ್ಳುವವರು ಹುಚ್ಚರೋ ಎಂದು ಅವ್ವನನ್ನು ಕೇಳಿದ. ಆದರೆ ಆಟ ಚೆನ್ನಾಗಿ ಕುದುರಿದರೆ ಅಲ್ಲೇ ಕಾಯಂ ಆಗುತ್ತದೆ, ಡ್ರಿಲ್ ಮಾಸ್ತರಿಕೆಗಿಂತ ಎಷ್ಟೋ ಮೇಲು ಎಂದು ಕೇಳಿದ ಮೇಲೆ ಮೆತ್ತಗಾದ. ಲೀಗು ಶುರುವಾಗುವುದು ವೈಶಾಖದಲ್ಲೇ. ಮದುವೆಯನ್ನು ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ದೂಡಿದರು.

ಅಪ್ಪನಿಗೆ ಮಾವ ಕೊಟ್ಟ ಮಾತು ನನಗಿನ್ನೂ ಕೇಳಿಸುತ್ತದೆ. "ಮಿರಗ ಬೀಳೂದರೊಳಗ ಮನ್ಯಾಗ ಇರ್ತೀನ್ರಿ. ಮಳಿ ಬಂದ ಮ್ಯಾಲೆ ಚೆಂಡಿಂದೇನೈತಿ?"

ಇದರಲ್ಲಿ ಮೋಸವಿರಲಿಲ್ಲ. ಮಳೆ ಬಂದರೆ ಆಟ ಮುಗಿಯಿತು ಎಂಬುದನ್ನು ನಾವು ಹೊತ್ತು ಮುಳುಗುವುದನ್ನು ನಂಬಿದ ಹಾಗೆ ನಂಬಿದ್ದೆವು. ಕಲಕತ್ತೆಯಲ್ಲಿ ಯಾವಾಗ ಮುಗಿಯುತ್ತದೆ ಎಂದು ಬಂದವನನ್ನು ಯಾರೂ ಕೇಳಲಿಲ್ಲ, ಮಾವನೂ ಕೇಳಲಿಲ್ಲ.

ಮಿರಗ ಬಿತ್ತು. ಆ ವರ್ಷ ಒಳ್ಳೇ ಮಳೆ. ಅಪ್ಪ ಬಿತ್ತುತ್ತಲೇ ದಿನಾ ಸಂಜೆ ಕೊಪ್ಪಳದ ದಾರಿ ನೋಡುತ್ತಿದ್ದ. ಬೀಗರಿಗೆಲ್ಲ ಹೇಳಿಕೆ ಹೋಗಿತ್ತು, ಅವ್ವ ಶಾವಿಗೆ ಹೊಸೆದು ಒಣಗಿಸಿದ್ದಳು. ಮೋಟಾರು ಬರುತ್ತಿತ್ತು, ಮಾವ ಬರುತ್ತಿರಲಿಲ್ಲ. ಕೊನೆಗೆ ಬಂದವನು ಕುಕನೂರಿನ ಗೋಣಿಚೀಲದ ವ್ಯಾಪಾರಿ. ನಮ್ಮ ಸಂತೆಗಳಿಗೆಲ್ಲ ಚೀಲ ಬರುವುದು ಕಲಕತ್ತೆಯಿಂದ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವ ಮನುಷ್ಯ. ಮದುವೆಯ ಮಾತನ್ನು ಕಾಗದದಲ್ಲಿ ಬರೆಯಬಾರದು, ಮನುಷ್ಯನ ಬಾಯಲ್ಲೇ ಹೇಳಿಸಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಮಾವ ಅದರಂತೆ ಈತನನ್ನು ಹುಡುಕಿ ಹೇಳಿ ಕಳಿಸಿದ್ದ.

ವ್ಯಾಪಾರಿ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಒಪ್ಪಿಸಬೇಕಾದದ್ದನ್ನು ಒಪ್ಪಿಸಿದ. ಅಲ್ಲಿ ಮಳೆ ಬಂದರೂ ಆಟ ನಿಲ್ಲುವುದಿಲ್ಲವಂತೆ. ಮಳೆಗಾಲವೇ ಅವರ ಲೀಗಿನ ಕಾಲವಂತೆ. ಸುರಿಯುವ ಮಳೆಯಲ್ಲಿ ಸಾವಿರಾರು ಮಂದಿ ಛತ್ರಿ ಹಿಡಿದು ನಿಂತು ನೋಡುತ್ತಾರಂತೆ. ಶ್ರಾವಣದವರೆಗೆ ಬಿಡಿಸಿಕೊಂಡು ಬರಲಾಗುವುದಿಲ್ಲ, ಶ್ರಾವಣಕ್ಕೆ ಬಂದು ಅಕ್ಷತೆ ಹಾಕಿಸಿಕೊಳ್ಳುತ್ತೇನೆ, ಅಲ್ಲಿಯವರೆಗೆ ತಡೆಯಿರಿ ಎಂದು ಮಾವ ಕೈಮುಗಿದು ಹೇಳಿ ಕಳಿಸಿದ್ದ.

ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಛತ್ರಿಯ ಮಾತಿಗೆ ಫಕ್ಕನೆ ನಕ್ಕ. ಆ ನಗು ಅಪ್ಪನಿಗೆ ಚುಚ್ಚಿತು. ಬೇರೆ ಯಾವ ಕಾರಣ ಹೇಳಿದ್ದರೂ ಅಪ್ಪ ತಡೆಯುತ್ತಿದ್ದನೋ ಏನೋ. ಜ್ವರ ಬಂದಿದೆ ಎಂದಿದ್ದರೆ, ರೈಲು ತಪ್ಪಿತು ಎಂದಿದ್ದರೆ... ಮಾವ ಸುಳ್ಳು ಹೇಳುವುದನ್ನು ಕಲಿತಿರಲಿಲ್ಲ, ಅದೇ ಅವನಿಗೆ ಮುಳುವಾಯಿತು.

ಅಪ್ಪ ದನಿ ಏರಿಸಲಿಲ್ಲ. "ಮಳ್ಯಾಗ ದನಾ ಸೈತ ಹೊರಗ ನಿಲ್ಲಂಗಿಲ್ಲ, ಇಂವ ಚೆಂಡು ಆಡಕತ್ಯಾನಂತ. ಬರೂ ಮನಸಿಲ್ಲಂದ್ರ ಇಲ್ಲ ಅನ್ನಬೇಕಿತ್ತು. ಇಂಥಾ ಸುಳ್ಳು ಹೇಳಿ ಕಳಸಬಾರದಿತ್ತು."

ಅವ್ವ ಒಳಗಿನಿಂದ ತಮ್ಮನ ಪರವಾಗಿ ಏನೋ ಹೇಳಲು ಬಂದಳು. ಅದಕ್ಕೂ ಮೊದಲು ಹೊಸ್ತಿಲಿಗೆ ಬಂದವಳು ಅಕ್ಕ. ಮದುವೆಯಾಗಬೇಕಾದ ಹುಡುಗಿ ಪರಗಂಡಸಿನ ಎದುರು ಬಂದು ನಿಂತದ್ದೇ ದೊಡ್ಡದು, ಅವಳು ಮಾತಾಡಿದಳು. "ನೀವು ಕಣ್ಣಾರೆ ನೋಡೀರೇನ್ರಿ, ಮಳ್ಯಾಗ ಆಡೂದನ್ನ?"

ವ್ಯಾಪಾರಿ ಪ್ರಾಮಾಣಿಕ ಮನುಷ್ಯ. ಹಾಳಾದ ಪ್ರಾಮಾಣಿಕತೆ. "ಇಲ್ಲವ್ವ. ಅವರು ಹೇಳಿದ್ದನ್ನ ನಾ ಹೇಳೇನಿ. ನನ್ನ ಕೆಲಸೆಲ್ಲ ಚೀಲದ ಗೋದಾಮಿನ್ಯಾಗ" ಅಂದ.

ಅಕ್ಕ ಒಳಗೆ ಹೋದಳು. ಅಪ್ಪ ಮರುದಿನ ಕುಷ್ಟಗಿಗೆ ಹೋಗಿ ಬಂದ. ಅಲ್ಲಿ ದೂರದ ಸಂಬಂಧದಲ್ಲಿ ಒಬ್ಬ ವರ ಇದ್ದ, ಮೊದಲೊಮ್ಮೆ ಕೇಳಿದ್ದರು. ಅದೇ ಮುಹೂರ್ತಕ್ಕೆ, ಅದೇ ಶಾವಿಗೆಯಲ್ಲಿ, ಕರೆದ ಬೀಗರ ಎದುರಿಗೇ ಅಕ್ಕನ ಮದುವೆಯಾಯಿತು. ನಿನ್ನ ಮನಸ್ಸೇನು ಎಂದು ಅವ್ವ ಒಂದು ಸಲ ಕೇಳಿದ್ದಳು. ಸುಳ್ಳು ಹೇಳುವವನಿಗಾಗಿ ಕೂತಿರಲಾರೆ, ಅಪ್ಪ ಹೇಳಿದಂತೆ ಆಗಲಿ ಎಂದಳಂತೆ. ನಮ್ಮ ಭಾವ ಒಳ್ಳೆಯವನು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಕ್ಕನನ್ನು ಒಂದು ದಿನವೂ ನೋಯಿಸಲಿಲ್ಲ.

ಶ್ರಾವಣದ ಎರಡನೇ ವಾರ ಮಾವ ಬಂದ. ಹೇಳಿದ ಮಾತಿನಂತೆಯೇ ಬಂದ. ಕಾಲಲ್ಲಿ ಮೆಟ್ಟು ಇದ್ದವು, ಆದರೂ ಕುಂಟುತ್ತಿದ್ದ. ಪಡಸಾಲೆಯಲ್ಲಿ ಕೂತು ಮನೆಯ ಒಳಗೆಲ್ಲ ಒಂದು ಸಲ ಕಣ್ಣಾಡಿಸಿದ. ಅವ್ವ ಚೊಂಬಿನಲ್ಲಿ ನೀರು ಕೊಟ್ಟು, ಕೊಟ್ಟ ಕೈಯಲ್ಲೇ ಕಣ್ಣೊರೆಸಿಕೊಂಡು, ಇದ್ದದ್ದನ್ನು ಹೇಳಿದಳು. ಮಾವ ನೀರು ಕುಡಿಯಲಿಲ್ಲ. ಯಾರೂ ಕೇಳದಿದ್ದರೂ ಲೀಗಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಸಾಕ್ಷಿ ಹೇಳುವವನಂತೆ ಹೇಳಿದ. ಅಪ್ಪ ಹೊಲದಿಂದ ಬಂದು ಕಂಬಕ್ಕೆ ಒರಗಿ ನಿಂತಿದ್ದ.

ಮೊದಮೊದಲು ಬಿಸಿಲಿತ್ತು, ನೆಲ ಗಟ್ಟಿಯಿತ್ತು. ಬರಿಗಾಲಿನ ಮಾವನನ್ನು ಯಾರೂ ಹಿಡಿಯಲಾಗಲಿಲ್ಲ. ಬಯಲಿನ ಮಂದಿ ಅವನಿಗೊಂದು ಅಡ್ಡಹೆಸರನ್ನೂ ಇಟ್ಟರು. ಆಮೇಲೆ ಮಳೆ ಹಿಡಿಯಿತು. ಮಾವ ಆಟ ನಿಲ್ಲುತ್ತದೆಂದು ಕಾಯುತ್ತಿದ್ದರೆ, ಉಳಿದವರೆಲ್ಲ ಬೂಟು ಕಟ್ಟಿಕೊಂಡು ಕೆಸರಿಗೆ ಇಳಿದರು. ಅವನ ಕಾಲು ಜಾರಿತು. ಎರಡು ಪಂದ್ಯದಲ್ಲಿ ಬಿದ್ದೂ ಬಿದ್ದೂ ಎದ್ದ, ಮೂರನೆಯದಕ್ಕೆ ಅವನನ್ನು ಕೈಬಿಟ್ಟರು. ಬೂಟು ಹಾಕಿದರೆ ಕಾಲಿಗೆ ಕಲ್ಲು ಕಟ್ಟಿದಂತೆ ಆಗುತ್ತಿತ್ತಂತೆ. ತಂಡದ ಹಿರಿಯ ಆಟಗಾರನೊಬ್ಬ ದಿನಾ ಬೆಳಿಗ್ಗೆ ಕರೆದೊಯ್ದು, ಮಗುವಿಗೆ ನಡೆಯಲು ಕಲಿಸಿದ ಹಾಗೆ ಬೂಟಿನಲ್ಲಿ ನಡೆಯಲು, ಓಡಲು, ಒದೆಯಲು ಕಲಿಸಿದ. ಆಷಾಢದಲ್ಲಿ ಮತ್ತೆ ಆಟಕ್ಕೆ ಇಳಿಸಿದರು. ಕೊನೆಯ ಪಂದ್ಯಗಳಲ್ಲಿ ಮಾವ ಗೋಲೂ ಹೊಡೆದ. ಅವನ ತಂಡ ಒಂದೇ ಅಂಕದಿಂದ ಎರಡನೆಯದಾಯಿತು. ಬರುವ ವರ್ಷವೂ ಬಾ, ಕಾಯಂ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಹೇಳುತ್ತಾ ಹೇಳುತ್ತಾ ಮೆಟ್ಟು ಕಳಚಿದ. ಎರಡೂ ಹೆಬ್ಬೆರಳಿನ ಉಗುರು ಇರಲಿಲ್ಲ, ಹಿಮ್ಮಡಿ ಸುಲಿದು ಕಪ್ಪುಗಟ್ಟಿತ್ತು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದ ಮನುಷ್ಯನ ಕಾಲು ಅದು. ಅಪ್ಪ ಆ ಕಾಲನ್ನೇ ನೋಡಿದ. ಅಪ್ಪನಿಗೆ ಆಗ ತಿಳಿಯಿತು, ಅವನ ಮುಖ ನೋಡಿದ ನಮಗೂ ತಿಳಿಯಿತು. ಕಂಬ ಬಿಟ್ಟು ಹಿತ್ತಿಲಿಗೆ ಹೋಗಿಬಿಟ್ಟ.

ಮಾವ ಅವ್ವನ ಕಡೆ ತಿರುಗಿದ. "ಆ ಎರಡು ಪಂದ್ಯ ಆದಮ್ಯಾಲೆ ಮಿರಗ ಮುಗಿಯೂತನಕ ನನ್ನನ್ನ ಆಟಕ್ಕ ಇಳಿಸಿದ್ದೇ ಇಲ್ಲಕ್ಕಾ. ಮಂದೀ ಜೋಡಿ ಹೊರಗ ಛತ್ರಿ ಕೆಳಗ ನಿಂತಿದ್ದೆ. ಬಂದು ಮದವಿ ಮಾಡ್ಕೊಂಡು ಹೋಗಬಹುದಿತ್ತು. ಜಾಗಾ ಹೋದೀತಂತ ಅಂಜಿದೆ. ಹೇಳಿ ಕಳಿಸೇನಲ್ಲ, ನಿಲ್ಲತಾರ ಅನಕೊಂಡೆ."

ಅವ್ವ ಜೋರಾಗಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾವ ಮತ್ತೆ ಕಲಕತ್ತೆಗೆ ಹೋಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊಪ್ಪಳದಲ್ಲೇ ಡ್ರಿಲ್ ಮಾಸ್ತರನಾಗಿ ಉಳಿದ, ಆಮೇಲೆ ಗಂಗಾವತಿಗೆ ವರ್ಗವಾಯಿತು. ನಾಲ್ಕೈದು ವರ್ಷ ಬಿಟ್ಟು ಇರಕಲ್ಲಗಡದ ಹೆಣ್ಣನ್ನು ಮದುವೆಯಾದ, ಮಕ್ಕಳಾದವು. ನಮ್ಮೂರ ಹೊಲದಲ್ಲಿ ಮತ್ತೆ ಚೆಂಡು ಉರುಳಲಿಲ್ಲ. ಮದುವೆ ಮುಂಜಿಗಳಲ್ಲಿ ಅವನೂ ಅಕ್ಕನೂ ಎದುರಾದರೆ ಆರಾಮ ಇದ್ದಿಯೇನು, ಆರಾಮ ಇದ್ದೀನಿ, ಇಷ್ಟೇ ಮಾತು. ಅವನು ಆ ವರ್ಷದ ಸುದ್ದಿ ಎತ್ತುವ ಮನುಷ್ಯನಲ್ಲ, ಅವಳು ಕೇಳುವವಳಲ್ಲ. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಗಂಗಾವತಿಯಲ್ಲೇ ತೀರಿಕೊಂಡ. ಮಣ್ಣಿಗೆ ಅಕ್ಕನೂ ಬಂದಿದ್ದಳು. ದೂರ ನಿಂತಿದ್ದಳು.

ಹೋದ ವರ್ಷ ಅಕ್ಕ ಕಣ್ಣಿನ ಆಪರೇಷನ್ನಿಗೆಂದು ಕುಷ್ಟಗಿಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಪಟ್ಟಿ ಬಿಚ್ಚಿ ವಾರವಾಗಿತ್ತು. ಒಂದು ಸಂಜೆ ಮೊಮ್ಮಗ ಟಿ.ವಿ. ಹಚ್ಚಿ ಹೊರಗೆ ಹೋದ. ಯಾವುದೋ ದೇಶದ ಫುಟ್‌ಬಾಲ್. ಮಳೆ ಧೋ ಎಂದು ಹೊಡೆಯುತ್ತಿತ್ತು. ಆಟಗಾರರು ಕೆಸರಿನಲ್ಲಿ ಜಾರಿ ಬೀಳುತ್ತಿದ್ದರು, ಸುತ್ತಲೂ ಸಾವಿರಾರು ಮಂದಿ ಛತ್ರಿ ಹಿಡಿದು ನೋಡುತ್ತಿದ್ದರು. ನಾನು ಬತ್ತಿ ಹೊಸೆಯುತ್ತಿದ್ದೆ, ಲಕ್ಷ್ಯ ಕೊಡಲಿಲ್ಲ. ಅಕ್ಕ ಹತ್ತಿರ ಸರಿದು ಕೂತಳು. ಹೊಸ ಕಣ್ಣು, ಏನು ಕಂಡರೂ ಅವಳಿಗೆ ಸಂಭ್ರಮ ಎಂದುಕೊಂಡೆ.

"ಹಂಗಾರ ಮಾವ ಖರೇನ ಹೇಳಿ ಕಳಿಸಿದ್ದ" ಅಂದಳು.

ನನ್ನ ಕೈಯಲ್ಲಿದ್ದ ಅರಳೆ ಹಾಗೇ ನಿಂತಿತು. ಅವಳಿಗೆ ಅವ್ವ ಹೇಳಿರುತ್ತಾಳೆ ಎಂದು ನಾನು ತಿಳಿದಿದ್ದೆ. ಗಂಡನ ಮನೆಯಲ್ಲಿ ನೆಲೆಯಾದವಳ ಮನಸ್ಸು ಯಾಕೆ ಕೆಡಿಸಬೇಕೆಂದು ಅವ್ವ ಸುಮ್ಮನಿದ್ದಿರಬೇಕು. ಅಪ್ಪ ಸಾಯುವವರೆಗೆ ಆ ಮಾತು ಎತ್ತಲಿಲ್ಲ. ಮಾವನೋ, ಅವಳಿಗೆ ಗೊತ್ತಿದೆ ಎಂದೇ ನಂಬಿ ಹೋಗಿರಬೇಕು... ಒಂದು ಆಯುಷ್ಯವೆಲ್ಲ ಅಕ್ಕ ಅವನನ್ನು ಸುಳ್ಳುಗಾರ ಎಂದೇ ತಿಳಿದು ಬಾಳಿದ್ದಳು.

ಅಕ್ಕ ಟಿ.ವಿ.ಯಿಂದ ಕಣ್ಣು ತೆಗೆಯದೆ ಕೇಳಿದಳು. "ನಿನಗ ಗೊತ್ತಿತ್ತೇನ?"

"ಎಲ್ಲಾರಿಗೂ ಗೊತ್ತಿತ್ತಕ್ಕಾ."

ಅವಳು ತಲೆಯಾಡಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಆ ಪಂದ್ಯ ಮುಗಿಯುವವರೆಗೂ ಕೂತಿದ್ದಳು. ಯಾರು ಗೆದ್ದರು ಎಂದು ನನ್ನನ್ನು ಕೇಳಿದಳು, ನನಗೂ ತಿಳಿದಿರಲಿಲ್ಲ. ಈ ಸಂಕ್ರಾಂತಿಗೆ ಅಕ್ಕನೂ ಹೋದಳು.