ರಹಮತ್ ಬೀಯ ಹಿತ್ತಲಿಗೆ ಬಂದ ಕಜಾಕ್ ಅತಿಥಿ

ರಹಮತ್ ಬೀ ಹುಟ್ಟಿದ್ದು ನಂದಿಗುಡಿಯಲ್ಲಿ. ಗಂಡ ಲಾರಿಯಿಂದ ಬಿದ್ದು ತೀರಿಕೊಂಡ ಮೇಲೆ ಮದುವೆಮನೆಗಳಲ್ಲಿ ಬಿರಿಯಾನಿ ಬೇಯಿಸಿ ಬದುಕಿದಳು. ಎಪ್ಪತ್ತೆಂಟನೇ ಇಸವಿಯಲ್ಲಿ ಹರಿಹರದ ಒಂದು ಗಿರಣಿಯ ಅತಿಥಿಗೃಹಕ್ಕೆ ಅಡುಗೆಗೆ ಸೇರಿದಳು. ಇರಲು ಹಿತ್ತಲಲ್ಲೇ ಒಂದು ಕೋಣೆ ಕೊಟ್ಟರು. ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ಸೂರಿರಲಿಲ್ಲ.

ಮರುವರ್ಷ ಯಂತ್ರ ಕೂಡಿಸಲು ರಷ್ಯಾ ಸರ್ಕಾರದ ಇಬ್ಬರು ಬಂದರು. ಒಬ್ಬ ಕೆಂಪು ಮೋರೆಯ ದೊಡ್ಡ ಸಾಹೇಬ. ಇನ್ನೊಬ್ಬ ಅವನ ಕೈಕೆಳಗಿನ ಸೆರಿಕ್‌ಬಾಯ್, ಕಜಾಕ್ ಸೀಮೆಯವನು. ದುಭಾಷಿಯಾಗಿ ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಪಂಚಾಕ್ಷರಪ್ಪ ಬರುತ್ತಿದ್ದ. ಮಾಸ್ಕೋದ ಅಗ್ಗದ ಪುಸ್ತಕ ಓದಿ ರಷ್ಯನ್ ಕಲಿತವನು.

"ಇವರಿಗೆ ಬೇಯಿಸಿದ ಆಲೂಗಡ್ಡೆ ಸಾಕವ್ವ. ಖಾರ ಬ್ಯಾಡ, ಒಗ್ಗರಣೆ ಬ್ಯಾಡ" ಎಂದು ಅವನೇ ಹೇಳಿಕೊಟ್ಟ.

ಸೆರಿಕ್‌ಬಾಯ್ ತಟ್ಟೆ ಮುಟ್ಟಲಿಲ್ಲ. ಊಟ ಹೇಗಿದೆ ಎಂದು ರಷ್ಯನ್ನಿನಲ್ಲಿ ಕೇಳಿದರೆ ದೊಡ್ಡ ಸಾಹೇಬನ ಮುಖ ನೋಡಿ "ಖರಶೋ" ಅನ್ನುವನು.

"ಚೆನ್ನಾಗೈತಂತೆ" ಎನ್ನುವನು ಪಂಚಾಕ್ಷರಪ್ಪ.

"ಚೆನ್ನಾಗಿದ್ರೆ ಯಾಕ ಉಣ್ಣಲ್ಲ ಅವ?" ಮ್ಯಾನೇಜರ್ ವಾಮದೇವಪ್ಪ ಮೂಗಿಗೆ ಟವೆಲ್ಲು ಹಿಡಿದು ಹಿತ್ತಲಿಗೆ ಬಂದ. ಲಿಂಗಧಾರಿ, ಅವಳ ಅಡುಗೆಮನೆಯ ಗಾಳಿಯೂ ಆಗದು. "ನಾಳೆ ತಟ್ಟೆ ಖಾಲಿ ಬರದಿದ್ರೆ ನೀನು ಕೋಣೆ ಬಿಡು."

ಅವತ್ತು ಸಂಜೆ ರಹಮತ್ ಬೀ ತನಗೆಂದು ಕುರಿಯ ತಲೆ ಬೇಯಿಸಿದ್ದಳು. ವಾಸನೆ ಹಿಡಿದು ಬಂದ ಸೆರಿಕ್‌ಬಾಯ್ ಬೂಟು ಬಿಚ್ಚಿ, ಕೈ ತೊಳೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ಅತಿಥಿಗೆ ತಲೆಮಾಂಸ ಇಡುವುದೇ ಎಂದು ಅವಳು ನಾಚಿದಳು. ಅವರ ಸೀಮೆಯಲ್ಲಿ ಹಿರಿಯ ಅತಿಥಿಗೇ ಕುರಿಯ ತಲೆ ಮೀಸಲಂತೆ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಅವನು ಬಿಸ್ಮಿಲ್ಲಾ ಎಂದು, ಕಿವಿ ಕೊಯ್ದು ಅವಳ ಕೈಗಿಟ್ಟು, ಮಾತಿಗೆ ಶುರುವಿಟ್ಟ. ಖರಶೋ ಬಿಟ್ಟು ಬೇರೆ ಮಾತೇ ಬರದವನಂತಿದ್ದವನು ಹೊಳೆಯ ಹಾಗೆ ಹರಿದ. ನಡುವೆ ದುನಿಯಾ, ಕಿತಾಬು ಎಂದು ಅವಳ ಮನೆಯ ಮಾತೂ ಒಂದೆರಡು ತೇಲಿಬಂದವು. ಅವಳು ತನ್ನ ಗಂಡನ ಕಥೆ ಉರ್ದುವಿನಲ್ಲಿ ಹೇಳಿದಳು. ಯಾರಿಗೂ ಏನೂ ತಿಳಿಯಲಿಲ್ಲ, ಇಬ್ಬರೂ ತಲೆದೂಗಿದರು.

ಪಂಚಾಕ್ಷರಪ್ಪ ಬಾಗಿಲಿಗೆ ಬಂದದ್ದೇ ಸೆರಿಕ್‌ಬಾಯ್ ಎದ್ದು ನಿಂತು "ಖರಶೋ" ಎಂದು ಹೊರಟುಹೋದ.

"ಇಷ್ಟೊತ್ತು ಆಡಿದ್ದು ಯಾವ ಮಾತ್ರಿ?" ಎಂದಳು ರಹಮತ್ ಬೀ.

"ಅವರ ಮನೆಮಾತು, ಕಜಾಕ್. ಅವರ ಊರಾಗೂ ಆಫೀಸು, ಮೀಟಿಂಗು ಎಲ್ಲ ರಷ್ಯನ್ನೇ. ಇದು ಲೆಕ್ಕಕ್ಕಿಲ್ಲ ಬಿಡವ್ವ."

"ಲೆಕ್ಕದ ಮಾತಾಡ್ಕೊಂಡು ಉಪಾಸ ಬಿದ್ದಿದ್ನಲ್ರಿ."

ಸುದ್ದಿ ಕೇಳಿದ ವಾಮದೇವಪ್ಪ ಮರುದಿನ ಕುರಿಯ ತಲೆಯನ್ನೇ ಪಿಂಗಾಣಿ ತಟ್ಟೆಯಲ್ಲಿ ಮೇಜಿಗೆ ತರಿಸಿ, ತಾನು ಗೋಡೆಯ ಕಡೆ ತಿರುಗಿ ನಿಂತ. ದೊಡ್ಡ ಸಾಹೇಬ ಹುಬ್ಬು ಗಂಟಿಕ್ಕಿದ. ಸೆರಿಕ್‌ಬಾಯ್ ರಷ್ಯನ್ನಿನಲ್ಲಿ, ತನಗೆ ಆಲೂಗಡ್ಡೆಯೇ ಇಷ್ಟ ಎಂದ. ತಲೆ ಒಳಗೆ ಹೋಯಿತು, ಆಲೂಗಡ್ಡೆ ಬಂತು. ಅವನು ಮುಟ್ಟಲಿಲ್ಲ.

ರಹಮತ್ ಬೀ ನೀರಿಡುವ ನೆಪದಲ್ಲಿ ಪಂಚಾಕ್ಷರಪ್ಪನ ಕಿವಿಗೆ ಬಗ್ಗಿದಳು. "ಅಣ್ಣಾರೆ, ನನ್ನ ಕೋಣೆ ಈಗ ನಿಮ್ಮ ಬಾಯಾಗೈತೆ."

ಪಕ್ಕದಲ್ಲೇ ಉಂಡು ಕೂತಿದ್ದ ಪಂಚಾಕ್ಷರಪ್ಪ ತನ್ನ ಖಾಲಿ ತಟ್ಟೆಯನ್ನು ಅತಿಥಿಯ ಕಡೆ ಸರಿಸಿ, ಅವನದನ್ನು ಎಳೆದುಕೊಂಡು, ಕಣ್ಣು ಮುಚ್ಚಿ ತಿಂದ. ವಾಮದೇವಪ್ಪ ತಿರುಗುವಷ್ಟರಲ್ಲಿ ಎರಡೂ ತಟ್ಟೆ ಖಾಲಿ.

"ನೋಡು, ಹಿಡಿಸ್ತು ಅವನಿಗೆ" ಎಂದ ವಾಮದೇವಪ್ಪ. "ಇನ್ಮ್ಯಾಲೆ ಪರವೂರಿನವರು ಯಾರು ಬಂದ್ರೂ ಈ ಆಲೂಗಡ್ಡೇನೇ ಮಾಡು."

ಕೋಣೆ ಉಳಿಯಿತು. ಮುಂದೆ ಜರ್ಮನಿಯವರು ಬಂದರೂ, ಮದರಾಸಿನ ಆಡಿಟರು ಬಂದರೂ ರಹಮತ್ ಬೀ ಆಲೂಗಡ್ಡೆ ಬೇಯಿಸುತ್ತಿದ್ದಳು. ಸಂಜೆಯಾಗುತ್ತಲೇ ಅವರೆಲ್ಲ ಒಬ್ಬೊಬ್ಬರಾಗಿ ಹಿತ್ತಲಿಗೆ ಬಂದು ಕೂರುತ್ತಿದ್ದರು.